ಹತ್ತು ಸೆಂಟಾವೊ

ಇಲೊಯ್ಲೊ ಬಂದರಿನ ಹಿಂಬದಿಗೆ, ಸಕ್ಕರೆ ಮೂಟೆ ಇಳಿಸುವ ಕಡೆ
ಇಲುಮಿನಾದಾಳ ಗೂಡಂಗಡಿ.
ಉಪ್ಪು, ಸೀಮೆಎಣ್ಣೆ, ಬಿಡಿ ಬಿಡಿ ಸಿಗರೇಟು,
ಅಡ್ಡಕ್ಕೆ ಕಟ್ಟಿದ ನೈಲಾನ್ ಹಗ್ಗದ ಮೇಲೆ
ಒಗೆದು ಒಣಹಾಕಿದ ಹಾಗೆ, ಕ್ಲಿಪ್ಪು ಕಚ್ಚಿಕೊಂಡು
ತೂಗುವ ಕಾಮಿಕ್ಸು.

ಒಂದಕ್ಕೆ ಹತ್ತು ಸೆಂಟಾವೊ ಬಾಡಿಗೆ.
ಬೆಂಚಿನ ಮೇಲೇ ಓದಬೇಕು, ಮನೆಗಿಲ್ಲ.
ಎಂಜಲು ಹಚ್ಚಿ ಹಾಳೆ ತಿರುವಿದರೆ
ತಲೆಯ ಮೇಲೆ ಬೀಸಣಿಗೆಯ ಏಟು.
ಹೆಗಲ ಮೇಲಿಂದ ಇಣುಕುವ ಬಿಟ್ಟಿ ಓದುಗರಿಗೂ
ಅದೇ ಬೀಸಣಿಗೆ, ತುಸು ಮೆತ್ತಗೆ.

ನನ್ನ ಹತ್ತಿರ ಕಾಸಿರಲಿಲ್ಲ, ಕಣ್ಣಿತ್ತು.
ಊರವರ ಬಟ್ಟೆ ಒಗೆಯುವ ಪುರಿಂಗಳ ಹತ್ತಿರ
ಕಾಸಿತ್ತು, ಅಕ್ಷರವಿರಲಿಲ್ಲ.
ಹೀಗೆ ಕುದುರಿತು ವ್ಯಾಪಾರ.
ಗುರುವಾರ ಮಧ್ಯಾಹ್ನ, ಮನಿಲಾದ ಹಡಗಿನಿಂದ
ಹೊಸ ಕಂತು ಇಳಿದ ಗಳಿಗೆ
ಇಬ್ಬರ ಮಂಡಿಯ ಮೇಲೂ ಅರ್ಧರ್ಧ ಪುಸ್ತಕ,
ಚಳಿಗೆ ಒಂದೇ ಕಂಬಳಿ ಹಂಚಿಕೊಂಡ ಹಾಗೆ.

ಅಗ್ಗದ ಅಚ್ಚು. ನಾಯಕಿಯ ತುಟಿಯ ಕೆಂಪು
ತುಟಿ ತಪ್ಪಿ ಕೆನ್ನೆಗೆ ಜಾರಿರುತ್ತಿತ್ತು.
ಮೂಸಿದರೆ ಸೀಮೆಎಣ್ಣೆ, ಒಣಮೀನು, ಹಸಿ ಮಸಿ.
ಈಗಲೂ ಹೊಸ ಪುಸ್ತಕ ಬಿಡಿಸಿದರೆ
ಮೊದಲು ಮೂಗು ಓದುತ್ತದೆ, ಆಮೇಲೆ ನಾನು.

ಪುಸ್ತಕದ್ದು ತಗಾಲೊಗ್, ನಮ್ಮದು ಹಿಲಿಗೈನೊನ್.
ಓದುತ್ತಲೇ ಮಗುಚಿ ಹಾಕುತ್ತಿದ್ದೆ, ಕಾವಲಿಯ ಮೇಲಿನ ಮೀನಿನಂತೆ.
ಗೊತ್ತಿಲ್ಲದ ಪದ ಬಂದಲ್ಲಿ
ತೋಚಿದ್ದನ್ನು ತುರುಕುತ್ತಿದ್ದೆ.
ಇಗರ್ಜಿಗಳ ಗಂಟೆ ಕದ್ದು ಕಡಲಡಿ ಬಚ್ಚಿಡುವ ಕಳ್ಳನಿಗೆ
ನಾನೇ ಒಬ್ಬ ತಂಗಿಯನ್ನು ಕೊಟ್ಟೆ,
ಅವಳಿಗೆ ಕೆಮ್ಮು ಕೊಟ್ಟೆ.
ಎರಡು ವಾರವಾದ ಮೇಲೂ ಪುರಿಂಗ್ ಕೇಳುತ್ತಿದ್ದಳು,
"ಆ ಹುಡುಗಿ ಹೇಗಿದ್ದಾಳೆ?"

ಒಂದು ದಿನ ಸೋಡಾಕ್ಕೆ ಸುಲಿದ ಬೆರಳನ್ನು
ಚಿತ್ರದ ಮೇಲಿಟ್ಟಳು.
"ತಾಳು ಇಂದಾಯ್. ಇವನ ಬಾಯಿ ಮುಚ್ಚಿದೆಯಲ್ಲ,
ಇಷ್ಟುದ್ದ ಹೇಗೆ ಮಾತಾಡಿದ?"
ಸಿಕ್ಕಿಬಿದ್ದೆ. ಮಾತಿನ ಮೋಡದ ಬಾಲ ನೋಡಿದೆ:
ಮೊನಚಾಗಿರಲಿಲ್ಲ, ಪುಟ್ಟ ಪುಟ್ಟ ಗುಳ್ಳೆ.
"ಇದು ಆಡಿದ್ದಲ್ಲ, ಒಳಗೊಳಗೇ ಅಂದುಕೊಂಡದ್ದು."

ಪುರಿಂಗ್ ಬಹಳ ಹೊತ್ತು ಸುಮ್ಮನಿದ್ದಳು.
ಜೀಪ್ನಿಯೊಂದು ಹಾದು ಧೂಳು ಕೂತಿತು.
"ನೊರೆ," ಅಂದಳು ಕೊನೆಗೆ.
"ನನ್ನ ತೊಟ್ಟಿಯಲ್ಲೂ ದಿನಾ ಏಳುತ್ತದೆ.
ಯಾರೂ ಓದಲಿಲ್ಲ, ಅಷ್ಟೆ."

ಅಲ್ಲಿಂದ ಮುಂದೆ ಅವಳಿಗೆ ಎಲ್ಲವೂ ಬೇಕು.
ಚೌಕಕ್ಕೂ ಚೌಕಕ್ಕೂ ನಡುವಿನ ಬಿಳಿ ಓಣಿ ಏಕೆ?
ಇಲ್ಲಿ ಎತ್ತಿದ ಕತ್ತಿ, ಅಲ್ಲಿ ಹಾರಿದ ಕೊಕ್ಕರೆ,
ಓಣಿಯಲ್ಲಿ ಏನಾಯಿತು?
"ಬರೆದಿಲ್ಲ," ಎಂದೆ.
"ಹಾಗಾದರೆ ಅದು ನನ್ನದು," ಎಂದಳು,
ಬೆರಳು ಬೆರಳಷ್ಟೇ ಅಗಲದ ಆ ಜಾಗದಲ್ಲಿ
ಕತ್ತಿ ಕೆಳಗಿಡಿಸಿದಳು, ಗಂಜಿ ಬಡಿಸಿದಳು.

ಕೊನೆಯ ಹಾಳೆಯ ಮೂಲೆಯಲ್ಲಿ ಪ್ರತಿ ಸಲ
ಇತುತುಲೊಯ್.
ಅಂದರೆ, ಇನ್ನೂ ಇದೆ.
ಅವಳು ಗುರುತು ಹಿಡಿಯಲು ಕಲಿತ ಮೊದಲ ಪದ ಅದು.
ಬಯ್ಯುತ್ತಲೇ ಬೆರಳಾಡಿಸುತ್ತಿದ್ದಳು ಅದರ ಮೇಲೆ.

ಆಮೇಲೊಂದು ಗುರುವಾರ ನನಗೆ ಜ್ವರ.
ಶುಕ್ರವಾರ ಓಡಿದೆ. ಕ್ಲಿಪ್ಪಿನಲ್ಲಿ ಪುಸ್ತಕವಿರಲಿಲ್ಲ.
ಪುರಿಂಗ್ ಒಬ್ಬಳೇ ಬೆಂಚಿನ ತುದಿಗೆ,
ತೊಡೆಯ ಮೇಲೆ ತೆರೆದ ಹಾಳೆ, ತುಟಿ ಅಲುಗುತ್ತಿತ್ತು.
"ಕೂತುಕೋ," ಎಂದಳು, ಚಿತ್ರದಿಂದ ಚಿತ್ರಕ್ಕೆ
ಇಡೀ ಕಂತು ಹೇಳಿದಳು.
ಗಂಟೆಗಳು ನೀರಡಿಯಲ್ಲಿ ತಾವೇ ಬಾರಿಸಿಕೊಂಡವು,
ಮೀನುಗಳು ಪೂಜೆಗೆ ಬಂದವು,
ತಂಗಿಯ ಕೆಮ್ಮು ವಾಸಿಯಾಯಿತು.

ಅವಳು ಎದ್ದ ಮೇಲೆ ಕದ್ದು ಓದಿ ನೋಡಿದೆ.
ಇದ್ದದ್ದು ಬರೀ ಪೊಲೀಸರು, ಒಂದು ದೋಣಿ, ಒಂದು ಗುಂಡು.

ಹೋಗುವ ಮುನ್ನ ಕೈಯೊಡ್ಡಿದ್ದಳು:
"ಈ ಸಲ ಓದಿದ್ದು ನಾನು. ತಾ, ಹತ್ತು ಸೆಂಟಾವೊ."
ನಾಳೆ ಎಂದಿದ್ದೆ.
ಆ ಬೆಂಚು ಹೋಗಿ ಎಷ್ಟೋ ಕಾಲವಾಯಿತು.
ಸಾಲ
ಇನ್ನೂ ಇದೆ.